ಬಂದರಿನ ಗುಜರಿಯಿಂದ 900 ರೂಪಾಯಿಗೆ ತಂದ ಸ್ವಿಚ್

ಮೊದಲೇ ಹೇಳಿಬಿಡುತ್ತೇನೆ. ಇದು ದೀಪದ ಸ್ವಿಚ್ ಅಲ್ಲ, ಕಂಪ್ಯೂಟರುಗಳನ್ನು ತಂತಿಯಿಂದ ಒಂದು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಸ್ವಿಚ್. ಪಕ್ಕದ ಕೋಣೆಯಲ್ಲಿ ಬೇಗ ಮಲಗುವವರಿದ್ದರೆ ಇದನ್ನು ಕೊಳ್ಳಬೇಡಿ. ತಂದ ರಾತ್ರಿಯೇ ಮನೆಯೊಡತಿ ಬಾಗಿಲು ತಟ್ಟಿ, "ಮಿಕ್ಸಿ ಬಂದ್ ಮಾಡಲು ಮರೆತೆಯಾ ಮಾರಾಯ್ತಿ?" ಎಂದು ಕೇಳಿದರು. ಮಿಕ್ಸಿಯಲ್ಲ ಅಕ್ಕ, ಓದುವ ಸಾಮಾನು ಎಂದೆ. ಓದುವ ಸಾಮಾನಿಗೆ ಫ್ಯಾನು ಯಾಕೆ ಎಂಬ ಅವರ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಾನು ಸುರತ್ಕಲ್‌ನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಎಂ.ಟೆಕ್. ಓದುತ್ತಿದ್ದೇನೆ. ಹಿಂದೆ 4 ವರ್ಷ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ಆಗೆಲ್ಲ ನೆಟ್‌ವರ್ಕ್ ಎಂದರೆ ನನಗೆ ವೈಫೈ ಬರುತ್ತಿದೆಯೋ ಇಲ್ಲವೋ, ಅಷ್ಟೇ. ಈಗ ಪ್ರೋಟೊಕಾಲ್‌ಗಳ, ಅಂದರೆ ಯಂತ್ರಗಳು ಪರಸ್ಪರ ಮಾತನಾಡುವ ನಿಯಮಗಳ ಪೇಪರಿನಲ್ಲಿ ಚಿತ್ರ ಬರೆದು ಬಾಣ ಎಳೆದು ಅಂಕ ಗಳಿಸುತ್ತಿದ್ದೆನಾದರೂ, ಬಾಣದ ತುದಿಯಲ್ಲಿ ಏನಾಗುತ್ತದೆ ಎಂದು ಕಂಡವಳಲ್ಲ. ಹಾಗಾಗಿ ಒಂದು ಶನಿವಾರ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಸ್ ಹತ್ತಿ, ಅಲ್ಲಿಂದ ಬಂದರಿನ ಕಡೆಗೆ ನಡೆದೆ.

ಅಂಗಡಿಯ ಹೆಸರು ಹೇಳೋಣವೆಂದರೆ ಅದಕ್ಕೆ ಬೋರ್ಡೇ ಇಲ್ಲ. ದೋಣಿಯ ಹಳೆಯ ಬ್ಯಾಟರಿಗಳು, ಸತ್ತ ಯುಪಿಎಸ್‌ಗಳು, ಹಲ್ಲುದುರಿದ ಕೀಬೋರ್ಡ್‌ಗಳ ರಾಶಿಯ ಅಡಿಯಲ್ಲಿ ದೊಡ್ಡ ಹೆಸರಿನ ಕಂಪನಿಯೊಂದರ 24 ಪೋರ್ಟಿನ ಹಳೆಯ ಸ್ವಿಚ್ ಇತ್ತು. ಅಂಗಡಿಯ ಕಾಕ 1,500 ಹೇಳಿದರು. ಪರೀಕ್ಷಿಸಿ ಕೊಡಿ ಎಂದೆ. "ಕರೆಂಟು ಕೊಟ್ಟು ತೋರಿಸುತ್ತೇನೆ, ದೀಪ ಉರಿದರೆ ಕೊಂಡುಹೋಗಿ. ಒಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ ಮಾರಾಯರೆ." ದೀಪ ಉರಿಯಿತು. 900ಕ್ಕೆ ಕುದುರಿತು. ಕುಚ್ಚಲಕ್ಕಿಯ ಖಾಲಿ ಚೀಲದಲ್ಲಿ ಸುತ್ತಿ ಕೊಟ್ಟರು. ಬಿಲ್ಲು, ಗ್ಯಾರಂಟಿ ಏನೂ ಇಲ್ಲ. ಗುಜರಿಯಲ್ಲಿ ಅದನ್ನು ಕೇಳುವುದೂ ತಪ್ಪು.

ನಿಜವಾದ ಖರ್ಚು ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಸ್ವಿಚ್ಚಿನೊಡನೆ ಮಾತನಾಡಲು ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್ ಬೇಕು. ಈಗಿನ ಲ್ಯಾಪ್‌ಟಾಪ್‌ಗೆ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿಗೆ ಬದಲಿಸುವ ತುಂಡೂ ಬೇಕು. ಎರಡಕ್ಕೂ ಸೇರಿ 650 ರೂಪಾಯಿ. ಇನ್ನು ಕಡಲ ಗಾಳಿ ತನ್ನ ಪಾಲನ್ನು ಮೊದಲೇ ತಿಂದಿತ್ತು. 5 ಪೋರ್ಟುಗಳ ಒಳಗಿನ ತಂತಿಗಳಿಗೆ ಹಸಿರು ಕಿಲುಬು. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ತಿಕ್ಕಿದೆ. 3 ಬದುಕಿದವು, 2 ಬದುಕಲಿಲ್ಲ.

ಹಿಂದಿನವರು ಹಾಕಿದ ಪಾಸ್‌ವರ್ಡ್ ಹಾಗೆಯೇ ಇತ್ತು. ಮುಂಭಾಗದ ಮೋಡ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕರೆಂಟು ಕೊಟ್ಟು, ಸಂರಚನೆಯ (ಸ್ವಿಚ್ ಹೇಗೆ ನಡೆಯಬೇಕೆಂಬ ಸೂಚನೆಗಳ) ಕಡತದ ಹೆಸರು ಬದಲಿಸಿದರೆ ಸ್ವಿಚ್ ಪಾಸ್‌ವರ್ಡ್ ಕೇಳದೆ ಏಳುತ್ತದೆ. ಆ ಹಳೆಯ ಕಡತವನ್ನು ತೆರೆದು ನೋಡಿ ದಂಗಾದೆ. ಯಾವುದೋ ಸಂಸ್ಥೆಯ ಲೆಕ್ಕಪತ್ರ ವಿಭಾಗ, ಹಾಸ್ಟೆಲ್, ಸಿಸಿಟಿವಿ, ಎಲ್ಲದರ ವಿಳಾಸಗಳೂ ಇದ್ದಂತೆಯೇ ಇದ್ದವು. ಅಳಿಸಿಹಾಕಿದೆ. ಗುಜರಿಗೆ ಕೊಡುವ ಮೊದಲು ಅವರೇ ಅಳಿಸಬೇಕಿತ್ತು.

ಇನ್ನು ಕೊಂಡದ್ದಕ್ಕೆ ಸಿಕ್ಕಿದ್ದೇನು ಎಂಬ ವಿಷಯ. ಕೇಬಲ್ ಸಿಕ್ಕಿಸಿದೊಡನೆ ಪೋರ್ಟಿನ ದೀಪ ಹಸಿರಾಗುವುದಿಲ್ಲ, ಕಿತ್ತಳೆಯಾಗುತ್ತದೆ. 15 ಸೆಕೆಂಡು ಆಲಿಸುತ್ತದೆ, ಇನ್ನು 15 ಸೆಕೆಂಡು ಕಲಿಯುತ್ತದೆ, ಆಮೇಲೆ ಹಸಿರು. ಇದು ಸ್ಪ್ಯಾನಿಂಗ್ ಟ್ರೀ, ಜಾಲದ ತಂತಿಗಳಲ್ಲಿ ಉರುಳು ಬೀಳದಂತೆ ಕಾಯುವ ವಿಧಾನ. ರೇಡಿಯಾ ಪರ್ಲ್‌ಮನ್ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದಾಗ 1985ರಲ್ಲಿ ರೂಪಿಸಿದ್ದು. 1990ರಲ್ಲಿ 802.1ಡಿ ಎಂಬ ಮಾನಕವಾಯಿತು. ಪರದೆಯ ಮೇಲೆಯೇ ಜಾಲ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿಯೂ ಇದೇ ಕಿತ್ತಳೆ ಬಣ್ಣ ಬರುತ್ತದೆ. ಆದರೆ ಅಲ್ಲಿ ನಾನು ಕಾಲವನ್ನು ಮುಂದೋಡಿಸುವ ಗುಂಡಿ ಒತ್ತಿ ಆ 30 ಸೆಕೆಂಡುಗಳನ್ನು ಹಾರಿಸಿಬಿಡುತ್ತಿದ್ದೆ. ಇಲ್ಲಿ ಹಾರಿಸುವಂತಿಲ್ಲ. ಲ್ಯಾಪ್‌ಟಾಪ್ ಐಪಿ ವಿಳಾಸ ಸಿಗದೆ ಗೊಣಗುತ್ತಿರುವಾಗ ದೀಪವನ್ನು ನೋಡುತ್ತ ಕೂರಬೇಕು. 2001ರಲ್ಲಿ ವೇಗದ ಆವೃತ್ತಿ ಯಾಕೆ ಬಂತು ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಆದರೆ ಆ 30 ಸೆಕೆಂಡು ಯಾತಕ್ಕೆ? ತಿಳಿಯಬೇಕಾದರೆ ಎರಡು ಪೆಟ್ಟಿಗೆ ಬೇಕು. ಮೊದಲು, ಯಾವ ಬುದ್ಧಿಯೂ ಇಲ್ಲದ ಅಗ್ಗದ 5 ಪೋರ್ಟಿನ ಹೊಸ ಸ್ವಿಚ್ಚನ್ನು ಮನೆಯ ವೈಫೈಯಿಂದ ಕಳಚಿ, ಅದರ ಎರಡು ಪೋರ್ಟುಗಳನ್ನು ಒಂದೇ ಕೇಬಲ್‌ನಿಂದ ಜೋಡಿಸಿದೆ. ಮೂರನೆಯದಕ್ಕೆ ಲ್ಯಾಪ್‌ಟಾಪ್. ಅದು "ಈ ವಿಳಾಸ ಯಾರದು?" ಎಂದು ಎಲ್ಲರಿಗೂ ಕೂಗಿದ ಒಂದೇ ಒಂದು ಎಆರ್‌ಪಿ ಫ್ರೇಮ್ (ತಂತಿಯಲ್ಲಿ ಹೋಗುವ ಸಂದೇಶದ ತುಂಡು) ಆ ಉರುಳಿನಲ್ಲಿ ಸಿಕ್ಕಿಕೊಂಡಿತು. ಮಿಣುಕುತ್ತಿದ್ದ ದೀಪಗಳು ಮಿಣುಕುವುದನ್ನೇ ಬಿಟ್ಟು ಒಂದೇ ಸಮ ಉರಿದವು. ತಂತಿಯಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದ ಎಣಿಕೆ ನೋಡನೋಡುತ್ತ ಲಕ್ಷ ದಾಟಿ, ಲ್ಯಾಪ್‌ಟಾಪಿನ ಮೌಸ್ ಬಾಣವೇ ನಿಂತುಹೋಯಿತು. 100 ಮೆಗಾಬಿಟ್‌ನ ತಂತಿಯಲ್ಲಿ ಅತಿ ಚಿಕ್ಕ ಫ್ರೇಮ್‌ಗಳು ಸೆಕೆಂಡಿಗೆ 1,48,809ರವರೆಗೆ ಹರಿಯಬಹುದು. ಐಪಿ ಪ್ಯಾಕೆಟ್ಟಿಗಾದರೆ ಆಯುಸ್ಸಿನ ಎಣಿಕೆ ಇದೆ, ಹಾದುಹೋದ ಪ್ರತಿ ರೌಟರೂ ಒಂದು ಕಳೆಯುತ್ತದೆ. ಈಥರ್ನೆಟ್ ಫ್ರೇಮ್‌ಗೆ ಅಂಥದ್ದಿಲ್ಲ. ಸಾಯಲಿಕ್ಕೆ ದಾರಿಯೇ ಇಲ್ಲದೆ ಸುತ್ತುತ್ತದೆ. ಕೇಬಲ್ ಕಿತ್ತೆ, ಎಲ್ಲ ತಣ್ಣಗಾಯಿತು.

ಇದನ್ನೇ ಗುಜರಿಯ ಸ್ವಿಚ್ಚಿನಲ್ಲಿ ಮಾಡಹೊರಟರೆ ಮೊದಲು ದೀಪವೇ ಬರಲಿಲ್ಲ. ಹಳೆಯ ಯಂತ್ರ, ತಂತಿಗಳನ್ನು ತಾನಾಗಿ ಅದಲುಬದಲು ಮಾಡಿಕೊಳ್ಳಲು ಬಾರದು. 1ನ್ನು 3ಕ್ಕೂ 2ನ್ನು 6ಕ್ಕೂ ದಾಟಿಸಿ ನಾನೇ ಒಂದು ಕ್ರಾಸ್‌ಓವರ್ ಕೇಬಲ್ ಒತ್ತಿದೆ. ಮೂರನೆಯ ಪ್ರಯತ್ನಕ್ಕೆ ಸರಿಬಂತು. ಈಗ ಎರಡು ದೀಪಗಳೂ ಕಿತ್ತಳೆ. 30 ಸೆಕೆಂಡಿನ ನಂತರ ಒಂದು ಹಸಿರಾಯಿತು, ಇನ್ನೊಂದು ಕಿತ್ತಳೆಯಾಗಿಯೇ ಉಳಿಯಿತು. ಉರುಳನ್ನು ಕಂಡುಕೊಂಡ ಸ್ವಿಚ್ ಆ ಪೋರ್ಟನ್ನು ಮುಚ್ಚಿಟ್ಟಿತ್ತು. ಫ್ರೇಮ್‌ಗಳ ಬಿರುಗಾಳಿಯೂ ಇಲ್ಲ, ಗದ್ದಲವೂ ಇಲ್ಲ. ಹತ್ತು ನಿಮಿಷ ಆ ಕಿತ್ತಳೆ ದೀಪವನ್ನೇ ನೋಡುತ್ತ ಕುಳಿತಿದ್ದೆ. 900 ರೂಪಾಯಿ ಅಲ್ಲಿಗೇ ವಸೂಲಾಯಿತು.

ಪುಸ್ತಕಕ್ಕೂ ಪರದೆಗೂ ಇರುವ ಸಣ್ಣಪುಟ್ಟ ಜಗಳಗಳೂ ಇಲ್ಲಿಯೇ ಕಾಣುವುದು. ಜಾಲದ ಯಜಮಾನ ಯಾರೆಂದು ತೀರ್ಮಾನಿಸುವ, ಸ್ವಿಚ್ಚಿನ ಆದ್ಯತೆಯ ಸಂಖ್ಯೆ 32768 ಎಂದು ಪುಸ್ತಕ ಹೇಳುತ್ತದೆ. ಪರದೆಯಲ್ಲಿ ಮಾತ್ರ 32769. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಕೂಡಿಕೊಂಡ ಆ ಒಂದು ವಿಎಲ್ಎಎನ್ (ಸ್ವಿಚ್ಚಿನೊಳಗೆ ಬೇರೆ ಮಾಡಿಟ್ಟ ಜಾಲ) ಸಂಖ್ಯೆ. ಸಹಪಾಠಿಯೊಬ್ಬನ ಹೊಸ ಸ್ವಿಚ್ಚನ್ನು ತಂದು ಇದಕ್ಕೆ ಜೋಡಿಸಿದರೆ, ಎರಡರ ಆದ್ಯತೆಯೂ ಒಂದೇ. ಆಗ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಯಂತ್ರಕ್ಕೆ ಕೊಟ್ಟ ಸಂಖ್ಯೆ) ಚಿಕ್ಕದಿದ್ದದ್ದು ಗೆಲ್ಲುತ್ತದೆ. ಗೆದ್ದದ್ದು ಈ ಕಿಲುಬು ಹಿಡಿದ ಮುದುಕಿ. ಗುತ್ತಿನ ಮನೆಯ ಹಿರಿಯಳ ಹಾಗೆ ಮೂಲೆಯಲ್ಲಿ ಕೂತೇ ಇಡೀ ಜಾಲದ ಯಜಮಾನಿಕೆ ವಹಿಸಿಕೊಂಡಿತು.

ದೂರದಿಂದ ಒಳಹೊಕ್ಕು ಆಜ್ಞೆ ಕೊಡಲು ಇದರಲ್ಲಿ ಮಾತನ್ನು ಗುಟ್ಟಾಗಿಸಿ ಕಳುಹಿಸುವ ಎಸ್ಎಸ್ಎಚ್ ಇಲ್ಲ, ಎಲ್ಲವನ್ನೂ ತೆರೆದೇ ಕಳುಹಿಸುವ ಟೆಲ್ನೆಟ್ ಮಾತ್ರ. ಅದೂ ಲಾಭವೇ ಆಯಿತು. ಒಂದು ಪೋರ್ಟಿನ ಸಂಚಾರವನ್ನು ಇನ್ನೊಂದಕ್ಕೆ ನಕಲು ಮಾಡಿ ವೈರ್‌ಶಾರ್ಕ್‌ನಲ್ಲಿ ನೋಡಿದೆ. ಬಳಕೆದಾರರ ಹೆಸರಿನ ಪ್ರತಿ ಅಕ್ಷರವೂ ಎರಡೆರಡು ಸಲ, ಹೋಗುವಾಗೊಮ್ಮೆ, ಪ್ರತಿಧ್ವನಿಯಾಗಿ ಬರುವಾಗೊಮ್ಮೆ. ಪಾಸ್‌ವರ್ಡಿನ ಅಕ್ಷರಗಳು ಒಂದೊಂದೇ ಸಲ, ಆದರೆ ಬೆತ್ತಲೆಯಾಗಿ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆಯೇ ಪಾಸ್‌ವರ್ಡುಗಳನ್ನು ಕದ್ದಾಲಿಸಿದ ಮೇಲೆ ಟಾಟು ಯ್ಲೋನೆನ್ ಎಸ್ಎಸ್ಎಚ್ ಬರೆದದ್ದು. ನನ್ನದೇ ಪಾಸ್‌ವರ್ಡನ್ನು ಪರದೆಯಲ್ಲಿ ಓದಿದಾಗ ಆ ಕಥೆ ಬೇರೆಯೇ ಕೇಳಿಸಿತು.

ದೂರುಗಳೂ ಇವೆ. ಜುಲೈ ಮಳೆಯಲ್ಲಿ ಕರೆಂಟು ಹೋದಾಗ ಎರಡು ಗಂಟೆ ಕೂತು ಬರೆದ ಸಂರಚನೆ ಪೂರ್ತಿ ಹೋಯಿತು. ಉಳಿಸುವ ಆಜ್ಞೆ ಕೊಡದಿದ್ದದ್ದು ನನ್ನ ತಪ್ಪು, ಆದರೂ ಸಿಟ್ಟು ಬಂದದ್ದು ಯಂತ್ರದ ಮೇಲೆ. ಒಂದು ಜಾಲದಿಂದ ಇನ್ನೊಂದಕ್ಕೆ ದಾರಿ ಹುಡುಕುವ ರೌಟಿಂಗ್ ಇದಕ್ಕೆ ತಿಳಿಯದು. ಇಂಟರ್ನೆಟ್ಟಿನ ದೊಡ್ಡ ಜಾಲಗಳ ನಡುವೆ ದಾರಿ ಹೇಳುವ ಬಿಜಿಪಿ, ಟಿಸಿಪಿಯ ದಟ್ಟಣೆ ನಿಯಂತ್ರಣ ಇತ್ಯಾದಿ ಕಲಿಯಬೇಕಾದವರಿಗೆ ಲಿನಕ್ಸ್ ಮತ್ತು ಜಾಲವನ್ನು ಅನುಕರಿಸುವ ಮಿನಿನೆಟ್ ತಂತ್ರಾಂಶ ಸಾಕು, ಅವು ಉಚಿತ, ಸದ್ದೂ ಮಾಡುವುದಿಲ್ಲ. ಪರೀಕ್ಷೆಗೆ ಎರಡು ವಾರ ಇರುವಾಗ ಇದನ್ನು ಕೊಳ್ಳುವುದು ಶುದ್ಧ ಮೂರ್ಖತನ. ಸೆಮಿಸ್ಟರ್‌ನ ಆರಂಭದಲ್ಲಾದರೆ, ಕೈಯಲ್ಲಿ 1,550 ರೂಪಾಯಿ ಇದ್ದರೆ, ಧಾರಾಳವಾಗಿ ಕೊಳ್ಳಿ. ಮನೆಯೊಡತಿಯೊಂದಿಗೆ ಈಗ ಒಪ್ಪಂದವಾಗಿದೆ. ಸಂಜೆ 4ರಿಂದ 7, ಅವರ ಧಾರಾವಾಹಿ ಶುರುವಾಗುವವರೆಗೆ.

ಕೊಳ್ಳುವವರಿಗೆ ಇನ್ನೊಂದು ಮಾತು. ಕಳೆದ ವಾರ ಮತ್ತೊಂದು ಬೇಕೆಂದು ಅದೇ ಅಂಗಡಿಗೆ ಹೋಗಿದ್ದೆ. ಹೋದವಳು ಸುಮ್ಮನಿರಬೇಕಿತ್ತು, ಹಳೆಯದು ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಕಾಕನಿಗೆ ಸಂತೋಷದಿಂದ ವರ್ಣಿಸಿದೆ. ಅವರೂ ಸಂತೋಷಪಟ್ಟರು. ಅದೇ ಮಾದರಿಯದನ್ನು ರಾಶಿಯಿಂದ ಎಳೆದು ಧೂಳು ಒರೆಸಿ ಮುಂದಿಟ್ಟು, "ಇದಕ್ಕೆ 2,000" ಎಂದರು. "ಕೆಲಸ ಮಾಡುತ್ತದೆ ಎಂದು ಈಗ ನೀವೇ ಹೇಳಿದಿರಲ್ಲ."