ಬಿಲ್ಲಿನಲ್ಲಿ ‘ಬೆಲ್ಟ್ ಚೇಂಜ್’ ಅಂತ ಬರೆದಿತ್ತು: ಹಳೇ ಪಾಲಿಯೋ 1.6 ಹುಡುಕುತ್ತಿರುವವರಿಗೆ

ಹಳೇ ಫಿಯಟ್ ಪಾಲಿಯೋ 1.6 ಕಾರು ತಗೊಳ್ಳಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಮೊದಲ ತಲೆಮಾರಿನ ಸ್ವಿಫ್ಟ್ 1.3 ಪೆಟ್ರೋಲ್ ನೋಡುತ್ತಿರುವವರೂ ಓದಿ, ಪಾಲಿಯೋದ ಹಾಗೆ ಅದರಲ್ಲಿರುವುದೂ ಟೈಮಿಂಗ್ ಬೆಲ್ಟೇ, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ನಡೆಸುವ ರಬ್ಬರ್ ಪಟ್ಟಿ. ನಾನು ಕೊಂಡ ಪಾಲಿಯೋದ ಎಂಜಿನ್ ಐದನೇ ವಾರಕ್ಕೆ ಬಾಳ್ಳುಪೇಟೆ ದಾಟಿದ ಮೇಲೆ, ಓಡುತ್ತಿದ್ದ ಹಾಗೇ ನಿಂತುಹೋಯಿತು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು. ಧರ್ಮಸ್ಥಳಕ್ಕೆ ಹೊರಟಿದ್ದೆವು. ಇನ್ನೊಂದು ಅರ್ಧ ಗಂಟೆ ಓಡಿದ್ದರೆ ಶಿರಾಡಿ ಘಾಟಿಯ ಇಳಿಜಾರಿನಲ್ಲಿರುತ್ತಿದ್ದೆವು.

ಈ ಗಾಡಿಯ ಮೇಲೆ ನನಗೆ ಆಸೆ ಹುಟ್ಟಿದ್ದು ನಿನ್ನೆ ಮೊನ್ನೆಯಲ್ಲ. 2001ರಲ್ಲಿ ಪಾಲಿಯೋ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸಚಿನ್ ತೆಂಡೂಲ್ಕರ್ ಅದರ ರಾಯಭಾರಿ. ನಮ್ಮ ಚಿಕ್ಕಪ್ಪನ ಸ್ನೇಹಿತರೊಬ್ಬರು ತುಮಕೂರಿಗೆ ಕೆಂಪು ಬಣ್ಣದ 1.6 ಜಿಟಿಎಕ್ಸ್ ತಂದರು. 16 ವಾಲ್ವಿನ ಎಂಜಿನ್, 100 ಬಿಎಚ್‌ಪಿ. ಆಗ ರಸ್ತೆಯಲ್ಲಿದ್ದ ಸ್ಯಾಂಟ್ರೋ, ಝೆನ್‌ಗಳೆಲ್ಲ 50–60 ಬಿಎಚ್‌ಪಿಯವು. ಅಷ್ಟು ಸಣ್ಣ ಗಾಡಿಗೆ ಅಷ್ಟು ದೊಡ್ಡ ಎಂಜಿನ್ ಕೂರಿಸುವ ಈ ಯೋಚನೆ ಯುರೋಪಿನದು. 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1.6 ಲೀಟರ್ ಎಂಜಿನ್ನಿನಿಂದ 110 ಕುದುರೆಶಕ್ತಿ ತೆಗೆದು ಆ ಹಾದಿ ಹಾಕಿಕೊಟ್ಟಿತ್ತು. ಕಂಪನಿಯವರು ಮೊದಲು ಅಂದುಕೊಂಡಿದ್ದು ಬರೀ 5,000 ಗಾಡಿ ಮಾಡೋಣ ಅಂತ. ಆ ಮೊದಲ ಮಾದರಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನಮ್ಮಲ್ಲಿ ಆ ರುಚಿ ಹತ್ತಿಸಿದ್ದು ಪಾಲಿಯೋ.

ಆಮೇಲೆ ಅಂಥ ಗಾಡಿ ಯಾಕೆ ಕಮ್ಮಿಯಾದವು ಅನ್ನುವುದಕ್ಕೂ ಕಾರಣವಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ 24ರಿಂದ 16 ಪರ್ಸೆಂಟ್‌ಗೆ ಇಳಿಯಿತು. ಆದರೆ ಉದ್ದ 4 ಮೀಟರ್ ಒಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ಅಲ್ಲಿಂದ ಸಣ್ಣ ಗಾಡಿಯಲ್ಲಿ 1.6 ಲೀಟರ್ ಹಾಕಿದರೆ ದುಡ್ಡು ಹುಟ್ಟುವುದಿಲ್ಲ ಅನ್ನುವ ಸ್ಥಿತಿ ಬಂತು. ಸ್ವಿಫ್ಟ್ ಕೂಡ 2010ರಲ್ಲಿ 1.3 ಬಿಟ್ಟು 1.2ಕ್ಕೆ ಇಳಿಯಿತು. ಹೀಗಾಗಿ ಇರುವ ಹಳೇ ಗಾಡಿಗಳಿಗೇ ಜನ ಮುಗಿಬೀಳುತ್ತಾರೆ. ನಾನೂ ಬಿದ್ದೆ.

ಗಾಡಿ ಸಿಕ್ಕಿದ್ದು ಬೆಂಗಳೂರಿನ ಒಬ್ಬ ಬ್ರೋಕರ್ ಹತ್ತಿರ. 2003ರ ಮಾಡೆಲ್, ಮೀಟರಿನಲ್ಲಿ 46,000 ಕಿಲೋಮೀಟರ್. ನಾನು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿ ಗೇಟಿನ ಹೊರಗೆ ನಿಂತಿತ್ತು. ಬಾನೆಟ್ ಎತ್ತಿ ತೋರಿಸಿದರು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ‘ಸಾರ್, ಇದು ಇಟಲಿ ಎಂಜಿನ್, ಕಲ್ಲುಗುಂಡು. ಎರಡು ಲಕ್ಷ ಓಡಿದ್ರೂ ಏನೂ ಆಗಲ್ಲ. ಬೆಲ್ಟ್ ಕೂಡ ಹೊಸದು ಹಾಕಿಸಿದೀವಿ, ಬಿಲ್ ಐತೆ ನೋಡಿ’ ಅಂದರು. ಬಿಲ್ ಇತ್ತು. ‘ಬೆಲ್ಟ್ ಚೇಂಜ್, ಲೇಬರ್’ ಅಂತ ಬರೆದಿತ್ತು, ಎಲ್ಲಾ ಸೇರಿ 1,150 ರೂಪಾಯಿ, ಎರಡು ತಿಂಗಳ ಹಿಂದಿನ ದಿನಾಂಕ. ನಾನು ಓದಿ, ಮಡಚಿ, ಆರ್‌ಸಿ ಜೊತೆ ಇಟ್ಟುಕೊಂಡೆ. 1,40,000ಕ್ಕೆ ಮಾತು ಮುಗಿಯಿತು.

ಆ ಬಿಲ್ಲಿನ ಮೊತ್ತ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಅದರ ವಿಷಯಕ್ಕೆ ಬರುತ್ತೇನೆ.

ಆ ಒಂದು ತಿಂಗಳು ಮಾತ್ರ ಗಾಡಿ ಸೊಗಸಾಗಿತ್ತು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತೆ. ಈಗಿನ ಟರ್ಬೋ ಗಾಡಿಗಳಲ್ಲಿ ಕಾಲು ಒತ್ತಿದ ಮೇಲೆ ಟರ್ಬೋ ಎಚ್ಚರವಾಗಲು ಒಂದು ಕ್ಷಣ ಬೇಕು. ಇದರಲ್ಲಿ ಹಾಗಿಲ್ಲ, ಕಾಲಿಟ್ಟಷ್ಟೇ ಗಾಡಿ. ಮೂರನೇ ಗೇರಿನಲ್ಲಿ ಎಂಜಿನ್ ಮೇಲೆ ಮೇಲೆ ಏರುತ್ತಾ ಹೋದಾಗ ಬರುವ ಸದ್ದಿಗೆ ಮಗಳು ‘ಅಪ್ಪಾ, ಇನ್ನೊಂದ್ಸಲ’ ಅನ್ನುತ್ತಿದ್ದಳು. ಸ್ಟೀರಿಂಗ್ ಭಾರ, ಬಾಗಿಲು ಮುಚ್ಚಿದರೆ ಧಪ್ ಅಂತ ಕೂರುತ್ತೆ. ಮೈಲೇಜ್ ಹೇಳಿಕೊಳ್ಳುವ ಹಾಗಿಲ್ಲ, ಅದಕ್ಕೆ ನಾನು ಸಿದ್ಧನಾಗಿಯೇ ಇದ್ದೆ.

ಆವತ್ತು ಬೆಳಿಗ್ಗೆ ಐದಕ್ಕೆ ತುಮಕೂರು ಬಿಟ್ಟು ಹಾಸನದಲ್ಲಿ ತಿಂಡಿ ಮುಗಿಸಿದ್ದೆವು. ಬಾಳ್ಳುಪೇಟೆ ದಾಟಿ 80ರ ವೇಗದಲ್ಲಿ ಹೋಗುತ್ತಿದ್ದಾಗ ಬಾನೆಟ್ ಒಳಗೆ ‘ಟಪ್’ ಅಂತ ಒಂದು ಸದ್ದು. ಅಷ್ಟೇ. ಹೊಗೆಯಿಲ್ಲ, ಎಳೆತವಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಹತ್ತಿದವು. ಪವರ್ ಸ್ಟೀರಿಂಗ್ ಹೋಗಿ ಚಕ್ರ ಕಲ್ಲಿನಂತಾಯಿತು. ಬ್ರೇಕ್ ಎರಡು ಸಲ ಸರಿಯಾಗಿ ಹಿಡಿಯಿತು, ಮೂರನೇ ಸಲ ಪೆಡಲ್ ಮರದ ಹಲಗೆಯಂತಾಗಿ ಕೆಳಗೇ ಹೋಗಲಿಲ್ಲ. ಯಾಕೆಂದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ನಡೆಯುವುದು ಎಂಜಿನ್ ಎಳೆಯುವ ನಿರ್ವಾತದಿಂದ. ಎಂಜಿನ್ ನಿಂತರೆ ಉಳಿದ ನಿರ್ವಾತ ಎರಡು ಮೂರು ಒತ್ತಿಗೆ ಸಾಕಾಗುತ್ತೆ, ಆಮೇಲೆ ಪೂರ್ತಿ ಕಾಲಿನ ಬಲವೇ. ಓಡುತ್ತಿರುವಾಗ ಎಂಜಿನ್ ನಿಂತರೆ ಬ್ರೇಕನ್ನು ಪದೇ ಪದೇ ಒತ್ತಿ ಬಿಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ. ಹಿಂದೆ ಒಂದು ಲಾರಿ ಇತ್ತು. ಅದರ ಡ್ರೈವರ್ ಮೊದಲೇ ಗಮನಿಸಿ ನಿಧಾನ ಮಾಡಿದ್ದರಿಂದ ನಾವು ಮಣ್ಣಿಗೆ ಇಳಿದು ನಿಂತೆವು.

ಆಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಕೀ ತಿರುಗಿಸಿದೆ. ಸ್ಟಾರ್ಟರ್ ಎಂದಿಗಿಂತ ಸಲೀಸಾಗಿ, ತಡೆಯೇ ಇಲ್ಲದಂತೆ ಗಿರ್ರನೆ ತಿರುಗಿತು. ಎಂಜಿನ್ ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ‘ರೀ, ಬಿಡಿ ಸಾಕು, ಸದ್ದೇ ಬೇರೆ ಥರ ಇದೆ’ ಅಂತ ಹೆಂಡತಿ ಹೇಳುವಷ್ಟರಲ್ಲಿ ನಾಲ್ಕೈದು ಸಲ ಆಗಿತ್ತು. ಆ ಸಲೀಸು ಸದ್ದಿನ ಅರ್ಥ ಕಂಪ್ರೆಷನ್ ಇಲ್ಲ, ಸಿಲಿಂಡರಿನೊಳಗೆ ಗಾಳಿ ಅದುಮುತ್ತಿಲ್ಲ ಅಂತ. ಅಂಥ ಸದ್ದು ಕೇಳಿದರೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ತಿರುಗಿಸಿದಷ್ಟೂ ಒಳಗೆ ಹಾನಿ ಹೆಚ್ಚುತ್ತೆ.

ಗಾಡಿಯನ್ನು ಹಾಸನಕ್ಕೆ ಎಳೆಸಿದೆ. ಅಲ್ಲಿ ಹಳೇ ಫಿಯಟ್ ಕೆಲಸ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. ಅವರು ಎಂಜಿನ್ ಪಕ್ಕದ ಪ್ಲಾಸ್ಟಿಕ್ ಕವರ್ ಬಿಚ್ಚಿ ಕೈ ಹಾಕಿ ಹೊರಗೆಳೆದದ್ದು ಹರಿದ ರಬ್ಬರ್ ಪಟ್ಟಿ. ಹಲ್ಲುಗಳು ಕಿತ್ತು ಬಂದಿದ್ದವು, ಬೆನ್ನು ಬಿರುಕು ಬಿಟ್ಟಿತ್ತು, ಒಂದು ಅಂಚು ಆಯಿಲ್ ಕುಡಿದು ಊದಿಕೊಂಡಿತ್ತು. ಕ್ರ್ಯಾಂಕ್‌ನ ಆಯಿಲ್ ಸೀಲ್ ಸೋರುತ್ತಿತ್ತಂತೆ.

‘ಯಜಮಾನ್ರೇ, ಎರಡು ತಿಂಗಳ ಹಿಂದೆ ತಾನೇ ಬದಲಾಯಿಸಿದ್ದಾರೆ, ಬಿಲ್ ಇದೆ’ ಅಂದೆ. ಅವರು ಬಿಲ್ ನೋಡಿದರು. ಆಮೇಲೆ ಎಂಜಿನ್ ಹೊರಭಾಗದಲ್ಲಿದ್ದ ಇನ್ನೊಂದು ಬೆಲ್ಟ್ ಮೇಲೆ ಬೆರಳಿಟ್ಟರು. ಅದು ಕಪ್ಪಗೆ ಹೊಸದಾಗಿ, ಅಚ್ಚಾದ ಅಕ್ಷರಗಳೂ ಅಳಿಸದೆ ಇತ್ತು. ‘ಇದು ಆಲ್ಟರ್ನೇಟರ್ ಬೆಲ್ಟ್ ಸಾರ್. ಅವರು ಹಾಕಿರೋದು ಇದನ್ನ. ಟೈಮಿಂಗ್ ಬೆಲ್ಟ್ ಈ ಗಾಡಿಯ ಜೊತೆ ಹುಟ್ಟಿದ್ದೇ ಇರಬೇಕು. ಸಾವಿರ ರೂಪಾಯಿಗೆ ಟೈಮಿಂಗ್ ಬೆಲ್ಟ್ ಯಾರು ಹಾಕಿಕೊಡ್ತಾರೆ?’

ಬಿಲ್ಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೆಲ್ಟ್ ಬದಲಾಗಿತ್ತು.

ಈ ಎರಡರ ವ್ಯತ್ಯಾಸ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೊರಗಿನ ಬೆಲ್ಟ್ ಆಲ್ಟರ್ನೇಟರ್, ಎಸಿಯಂಥವನ್ನು ತಿರುಗಿಸುತ್ತೆ. ಅದು ಹರಿದರೆ ಬ್ಯಾಟರಿ ಚಾರ್ಜ್ ಆಗಲ್ಲ, ಸೆಖೆಯಾಗುತ್ತೆ, ಗ್ಯಾರೇಜಿಗೆ ಹೋಗಿ ಬೇರೆ ಹಾಕಿಸಿದರಾಯಿತು. ಟೈಮಿಂಗ್ ಬೆಲ್ಟ್ ಕವರ್ ಒಳಗೆ ಅಡಗಿರುತ್ತೆ. ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿಗೂ ಮೇಲೆ ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿಗೂ ಇರುವ ನಂಟು ಅದೊಂದೇ. ಅದು ಹರಿದ ಕ್ಷಣ ಕ್ಯಾಮ್ ನಿಲ್ಲುತ್ತೆ, ಕೆಲವು ವಾಲ್ವ್‌ಗಳು ತೆರೆದ ಬಾಯಿಯಲ್ಲೇ ಉಳಿಯುತ್ತವೆ. ಪಿಸ್ಟನ್ ಮಾತ್ರ ನಿಲ್ಲುವುದಿಲ್ಲ. 3,000 ಆರ್‌ಪಿಎಂನಲ್ಲಿ ಒಂದೊಂದು ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಬರುತ್ತೆ. ಬಂದು ತೆರೆದ ವಾಲ್ವಿಗೆ ಗುದ್ದುತ್ತೆ. ನನ್ನ ಎಂಜಿನ್ನಿನ ಹೆಡ್, ಅಂದರೆ ವಾಲ್ವ್‌ಗಳಿರುವ ಮೇಲ್ಭಾಗ, ಇಳಿಸಿದಾಗ 16ರಲ್ಲಿ 11 ವಾಲ್ವ್ ಬಗ್ಗಿದ್ದವು, ಎರಡು ಪಿಸ್ಟನ್ ತಲೆಯ ಮೇಲೆ ಚಂದ್ರಾಕಾರದ ಗಾಯ.

ಆ ಹೆಡ್ ಟೇಬಲ್ ಮೇಲಿದ್ದಾಗ ಮೆಕ್ಯಾನಿಕ್ ತೋರಿಸಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಬ್ಲಾಕಿನ ಒಳಗೆ ಟಾರ್ಚ್ ಬಿಟ್ಟು ಸಿಲಿಂಡರ್ ಗೋಡೆ ನೋಡಿ ಅಂದರು. 22 ವರ್ಷದ ಎಂಜಿನ್ನಿನಲ್ಲಿ ಹೋನಿಂಗ್ ಗೆರೆಗಳು, ಅಂದರೆ ತಯಾರಿಸುವಾಗ ಗೋಡೆಗೆ ಹಾಕಿದ ಸಣ್ಣ ಗೀರುಗಳು, ಸವೆಯದೆ ಇನ್ನೂ ಕಾಣುತ್ತಿದ್ದವು. ಎರಕದ ಕಬ್ಬಿಣದ ಬ್ಲಾಕ್, ಲೀಟರಿಗೆ ಅರವತ್ತು ಚಿಲ್ಲರೆ ಕುದುರೆಶಕ್ತಿ ಮಾತ್ರ ಹಿಂಡುವ ಎಂಜಿನ್. ಈಗ ಒಂದು ಲೀಟರ್ ಟರ್ಬೋಗಳಿಂದ 115–120 ತೆಗೆಯುತ್ತಾರೆ, ಅದರ ಮುಂದೆ ಇದಕ್ಕೆ ದುಡಿಮೆಯೇ ಕಡಿಮೆ. ಕಬ್ಬಿಣದ ಮಟ್ಟಿಗೆ ಬ್ರೋಕರ್ ಹೇಳಿದ ‘ಕಲ್ಲುಗುಂಡು’ ನಿಜವೇ. ಆದರೆ ರಬ್ಬರಿಗೆ ಕಬ್ಬಿಣದ ಆಯಸ್ಸಿಲ್ಲ. ಅದು ಓಡಿದರೂ ಹಳತಾಗುತ್ತೆ, ನಿಂತರೂ ಹಳತಾಗುತ್ತೆ. ಹೀಗಾಗಿ ‘ಕಡಿಮೆ ಓಡಿದ ಗಾಡಿ’ ಇಂಥವುಗಳಲ್ಲಿ ಹೆಚ್ಚು ಅಪಾಯ. ಕಿಲೋಮೀಟರ್ ಆಗಿಲ್ಲ ಅಂತ ಯಾರೂ ಬೆಲ್ಟ್ ಮುಟ್ಟಿರುವುದಿಲ್ಲ. ಹಾಸನದ ಮೆಕ್ಯಾನಿಕ್ ಲೆಕ್ಕ ಐದು ವರ್ಷ ಅಥವಾ 60,000 ಕಿಲೋಮೀಟರ್, ಯಾವುದು ಮೊದಲು ಬರುತ್ತೋ ಅದು. ಬೆಲ್ಟ್ ಜೊತೆಗೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮತ್ತು ಆಯಿಲ್ ಸೀಲ್‌ಗಳನ್ನೂ ಹಾಕಿಸಲೇಬೇಕು ಅಂದರು. ಬೆಲ್ಟ್ ಹೊಸದಾಗಿ ಟೆನ್ಷನರ್ ಬೇರಿಂಗ್ ಹಳತಾದರೆ ಕತೆ ಅದೇ.

ಸ್ಪೇರ್ ಸಿಗುವುದು ಇನ್ನೊಂದು ಗೋಳು. ಫಿಯಟ್ ನಮ್ಮಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳಾದವು. ವಾಲ್ವ್ ಸೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ದಿನ ಅಂಗಡಿ ಅಂಗಡಿ ಸುತ್ತಿದೆ, ಕೊನೆಗೆ ಮುಂಬೈಯಿಂದ ತರಿಸಿದೆ. ಕ್ಯಾಮ್ ಲಾಕ್ ಮಾಡುವ ಟೂಲ್ ಇಲ್ಲದೆ ಟೈಮಿಂಗ್ ಹಿಡಿಯಲು ಮೆಕ್ಯಾನಿಕ್ ಒಪ್ಪಲಿಲ್ಲ, ಅದನ್ನು ಬೇರೆಯವರಿಂದ ಎರವಲು ತಂದರು. ಹೆಡ್ ಲೇತ್ ಕೆಲಸ, ಗ್ಯಾಸ್ಕೆಟ್, ಲೇಬರ್, ಎಳೆದು ತಂದ ಬಾಡಿಗೆ ಎಲ್ಲಾ ಸೇರಿ 83,600 ರೂಪಾಯಿ. ಏಳು ವಾರ. ಮೊದಲೇ ಟೈಮಿಂಗ್ ಬೆಲ್ಟ್ ಹಾಕಿಸಿದ್ದರೆ ಹತ್ತು ಹನ್ನೆರಡು ಸಾವಿರದಲ್ಲಿ ಮುಗಿಯುತ್ತಿತ್ತು.

ನೋಡಲು ಹೋಗುವವರು ಹೀಗೆ ಮಾಡಿ. ಬರುತ್ತೇನೆ ಅಂತ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗಿ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಆವತ್ತು ವ್ಯಾಪಾರ ಬೇಡ, ತಣ್ಣಗಿನ ಎಂಜಿನ್ ನಿಮ್ಮ ಎದುರೇ ಸ್ಟಾರ್ಟ್ ಆಗಬೇಕು. ಟೈಮಿಂಗ್ ಕವರಿನ ಮೇಲ್ಭಾಗ ಬಿಚ್ಚಿಸಿ ಬೆಲ್ಟನ್ನು ಕಣ್ಣಾರೆ ನೋಡಿ. ಬಿಲ್ಲಿನಲ್ಲಿ ‘ಟೈಮಿಂಗ್’ ಅನ್ನುವ ಪದ, ಟೆನ್ಷನರ್, ಪಾರ್ಟ್ ನಂಬರ್ ಇರಬೇಕು. ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ ಹಿಡಿದು, ಕೊಂಡ ದಿನವೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ, ಊರಿಗೆ ಓಡಿಸಿಕೊಂಡು ಹೋಗಬೇಡಿ. ಪೆಟ್ರೋಲ್ ಹೋಸ್‌ಗಳನ್ನೂ ಬದಲಾಯಿಸಿ. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್, ಆ ಕಾಲದ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಆರ್‌ಸಿ ಎಲ್ಲಿಯವರೆಗೆ ನವೀಕರಣವಾಗಿದೆ ನೋಡಿ, 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ.

ಗಾಡಿ ಈಗ ಚೆನ್ನಾಗಿ ಓಡುತ್ತಿದೆ, ಮಾರುವ ಯೋಚನೆ ನನಗಿಲ್ಲ. ಬ್ರೋಕರ್‌ಗೆ ಫೋನ್ ಮಾಡಿದ್ದೆ. ‘ಸಾರ್, ನಾವು ಬೆಲ್ಟ್ ಅಂದ್ವಿ, ಬೆಲ್ಟ್ ಹಾಕಿಸಿದ್ವಿ, ಟೈಮಿಂಗ್ ಬೆಲ್ಟ್ ಅಂತ ಎಲ್ಲಿ ಹೇಳಿದ್ವಿ?’ ಅಂದರು. ಕಳೆದ ವಾರ ಅವರು ಇನ್ನೊಂದು ಬೆಳ್ಳಿ ಬಣ್ಣದ 1.6 ಮಾರಾಟಕ್ಕಿಟ್ಟಿದ್ದು ನೋಡಿದೆ. 51,000 ಕಿಲೋಮೀಟರ್, ಬೆಲ್ಟ್ ಆಗಿದೆ, ಏನೂ ಕೆಲಸ ಇಲ್ಲ, ಹತ್ತಿ ಓಡಿಸಿ ಅಂತ ಬರೆದಿದ್ದಾರೆ. ಅದನ್ನು ನೋಡಿದ ರಾತ್ರಿಯೇ ಇದನ್ನು ಬರೆಯಲು ಕೂತೆ. ಆ ಗಾಡಿ ನೋಡಲು ಹೋಗುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಯಾವ ಬೆಲ್ಟ್ ಅಂತ ಕೇಳಿ.