ಲಾಭ–ನಷ್ಟದ ಲೆಕ್ಕವೋ, ಮುನ್ನೆಚ್ಚರಿಕೆಯ ತತ್ವವೋ?

ಮಲ್ಪೆಯ ಮೀನುಗಾರಿಕೆಯ ಸುಸ್ಥಿರತೆಯ ಬಗ್ಗೆ ಪ್ರಬಂಧ ಬರೆಯುವವರಿಗೆ ಎರಡು ದಾರಿಗಳಿವೆ. ಲಾಭ–ನಷ್ಟದ ಲೆಕ್ಕವು ಬಂಗುಡೆಯ ಬೆಲೆ, ಡೀಸೆಲ್ ಖರ್ಚು, ಕೂಲಿ ಇವುಗಳನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಮುಂದೆ ಹುಟ್ಟುವವರ ಪಾಲನ್ನು ಅದು ಒಂದು ದರ ಹಿಡಿದು ವರ್ಷವರ್ಷಕ್ಕೆ ಕಿರಿದಾಗಿಸುತ್ತ ಹೋಗುತ್ತದೆ, ಮತ್ತು ಆ ದರವನ್ನು ನಿಗದಿಪಡಿಸುವುದು ವಿಜ್ಞಾನವೊಂದೇ ಅಲ್ಲ, ನೀತಿಯ ತೀರ್ಮಾನವೂ ಹೌದು. ಎರಡನೆಯ ದಾರಿಯಾದ ಮುನ್ನೆಚ್ಚರಿಕೆಯ ತತ್ವವಾದರೋ (ವಿಶ್ವಸಂಸ್ಥೆಯ ಪರಿಸರ ಸಮಾವೇಶದಲ್ಲಿ ಹೊರಬಂದ 1992ರ ರಿಯೊ ಘೋಷಣೆಯ 15ನೇ ತತ್ವ), ಸರಿಪಡಿಸಲಾಗದ ಹಾನಿಯ ಭೀತಿಯಿರುವಲ್ಲಿ ಪೂರ್ಣ ವೈಜ್ಞಾನಿಕ ಖಚಿತತೆಯಿಲ್ಲವೆಂಬ ಕಾರಣ ನೀಡಿ ತಡೆಯ ಕ್ರಮಗಳನ್ನು ಮುಂದೂಡಬಾರದೆನ್ನುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಮ್ಮ ಕಾನೂನಿನ ಭಾಗವೆಂದು ಒಪ್ಪಿತು. ಜೂನ್, ಜುಲೈ ತಿಂಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧಕ್ಕೆ ಈ ಚೌಕಟ್ಟೇ ಹೆಚ್ಚು ಹೊಂದುತ್ತದೆ. ಎಷ್ಟು ಅನುಮಾನ ಸಾಕೆಂದು ಹೇಳದಿರುವುದು ಇದರ ದೋಷ. ಆದರೂ ಮೀನಿನ ಸಂತತಿಯ ಪ್ರಶ್ನೆಗೆ ನಾನು ಇದನ್ನೇ ಆರಿಸುವೆನು. ಬಂದರಿನ ಶೈತ್ಯಾಗಾರದಂಥ, ತಪ್ಪಿದರೆ ತಿದ್ದಬಹುದಾದ ವಿಷಯಕ್ಕೆ ಮೊದಲನೆಯದು ಸಾಕು.