ಹನ್ನೆರಡು ಸರ್ವೋಗೆ ಯಾವ ಬೋರ್ಡ್? ಮೂರನ್ನು ಓಡಿಸಿ ನೋಡಿದ ಹೋಲಿಕೆ

ನಾಲ್ಕು ಕಾಲಿನ ರೋಬೋ. ಕಾಲಿಗೆ ಮೂರರಂತೆ ಒಟ್ಟು 12 ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್. ಇದನ್ನೇ ಇಟ್ಟುಕೊಂಡು ಮೂರು ರೀತಿ ಓಡಿಸಿ ನೋಡಿದೆ. ಮೊದಲು ಆರ್ಡುಯಿನೊ ಯುನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಪಿನ್‌ಗಳಿಂದ ನೇರವಾಗಿ, ಆಮೇಲೆ ಪಿಸಿಎ9685 ಚಿಪ್ಪಿನ 16 ಚಾನೆಲ್ (ಚಾನೆಲ್‌ಗೆ ಒಂದು ಸರ್ವೋ) ಬೋರ್ಡಿನಿಂದ, ಕೊನೆಗೆ ಪೊಲೊಲು ಕಂಪನಿಯ 12 ಚಾನೆಲ್ ಮಿನಿ ಮೇಸ್ಟ್ರೊದಿಂದ. ಸರ್ವೋ ಮೂರಕ್ಕೂ ಅವೇ ಎಸ್‌ಜಿ90, ಪವರ್ ಸಪ್ಲೈ ಕೂಡ ಅದೇ.

ಬೋರ್ಡ್ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಚಾನೆಲ್ ಎಷ್ಟು ಅಂತ. ನಾನು ನೋಡುವುದು ಎರಡು ವಿಷಯ. ಸರ್ವೋಗೆ ಕೋನ ಹೇಳುವ ವಿದ್ಯುತ್ ಪಲ್ಸನ್ನು ಹೊತ್ತಿಗೆ ಸರಿಯಾಗಿ ಕಳಿಸುವ ಹೊಣೆ ಯಾರದ್ದು? ಚಲನೆಯನ್ನು ನಯವಾಗಿಸುವ ಹೊಣೆ ಯಾರದ್ದು? ಸರ್ವೋಗೆ ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ ಬರಬೇಕು. ಆ ಪಲ್ಸ್ 1500 ಮೈಕ್ರೋಸೆಕೆಂಡ್ ಉದ್ದ ಇದ್ದರೆ ಹಾರ್ನ್ (ಸರ್ವೋದ ತಿರುಗುವ ತೋಳು) ನಡುವಿಗೆ ಬರುತ್ತದೆ, ಹೆಚ್ಚು ಕಡಿಮೆಯಾದರೆ ಆಚೆ ಈಚೆ ತಿರುಗುತ್ತದೆ. 10-11 ಮೈಕ್ರೋಸೆಕೆಂಡ್ ತಪ್ಪಿದರೆ ಹೆಚ್ಚುಕಮ್ಮಿ ಒಂದು ಡಿಗ್ರಿ ತಪ್ಪಿದ ಹಾಗೆ.

ಯುನೊದಲ್ಲಿ ಸರ್ವೋ ಲೈಬ್ರರಿಯ (ಸರ್ವೋ ಓಡಿಸುವ ಸಿದ್ಧ ಕೋಡ್) ಮಿತಿಯೇ 12, ಹಾಗಾಗಿ ನಮ್ಮ ಲೆಕ್ಕ ಸರಿಹೋಗುತ್ತದೆ. ಪಲ್ಸ್ ಕೂಡ ಅರ್ಧ ಮೈಕ್ರೋಸೆಕೆಂಡಿನಷ್ಟು ಸಣ್ಣ ಹೆಜ್ಜೆಯಲ್ಲಿ ಬದಲಾಗುತ್ತದೆ. ಆದರೆ ಎಲ್ಲವೂ ಒಂದು ಟೈಮರ್ ಮತ್ತು ಅದರ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಹೊತ್ತಾಯಿತು ಎಂದು ಚಿಪ್ಪಿಗೆ ಹೇಳುವ ಕರೆ) ಮೇಲೆ ನಿಂತಿದೆ. ಡಬ್ಲ್ಯುಎಸ್2812 ಎಲ್‌ಇಡಿ ಪಟ್ಟಿ ಸೇರಿಸಿದ ಕೂಡಲೇ ಅದು ಕಣ್ಣಿಗೆ ಕಂಡಿತು. ಬಣ್ಣ ಬದಲಾದಾಗಲೆಲ್ಲ ಯಾವುದೋ ಒಂದು ಕಾಲು ಗಕ್ಕನೆ ಜಗ್ಗುತ್ತಿತ್ತು. ಒಂದು ಎಲ್‌ಇಡಿಗೆ ಡೇಟಾ ಕಳಿಸಲು 30 ಮೈಕ್ರೋಸೆಕೆಂಡ್ ಬೇಕು, ಅಷ್ಟು ಹೊತ್ತು ಇಂಟರಪ್ಟ್ ಬಂದ್. 24 ಎಲ್‌ಇಡಿ ಅಂದರೆ 720 ಮೈಕ್ರೋಸೆಕೆಂಡ್. ಆ ಹೊತ್ತಿನಲ್ಲಿ ಮುಗಿಯಬೇಕಿದ್ದ ಪಲ್ಸ್ ಅಷ್ಟು ತಡವಾಗಿ ಮುಗಿದರೆ ಸರ್ವೋ ಪಾಪ ಏನು ಮಾಡೀತು? ಎರಡು ಮೂರು ಸರ್ವೋ ಮಾತ್ರ ಇದ್ದು, ಬೇರೆ ಕೆಲಸವೇ ಇಲ್ಲದಿದ್ದರೆ ಈ ದಾರಿ ಸಾಕು. ನಡೆಯುವ ರೋಬೋಗೆ ಬೇಡ.

ಪಿಸಿಎ9685 ಮೂಲತಃ ಎಲ್‌ಇಡಿ ಬೆಳಕು ಹೆಚ್ಚು ಕಡಿಮೆ ಮಾಡಲು ಬಂದ ಚಿಪ್. ಐ2ಸಿ ಎಂಬ, ಚಿಪ್‌ಗಳು ಮಾತಾಡಿಕೊಳ್ಳುವ ಎರಡೇ ವೈರಿನ ಸಂಪರ್ಕದಲ್ಲಿ ಅಂಕಿ ಬರೆದರೆ ಸಾಕು, ಪಲ್ಸನ್ನು ಅದೇ ತಯಾರಿಸಿ ಕಳಿಸುತ್ತಿರುತ್ತದೆ. ಅದೇ ಎಲ್‌ಇಡಿ ಪಟ್ಟಿ, ಅದೇ ಯುನೊ, ಆದರೆ ಕಾಲು ಜಗ್ಗುವುದು ಪೂರ್ತಿ ನಿಂತಿತು. ವಿಳಾಸದ ಜಂಪರ್ ಬೆಸುಗೆ ಹಾಕಿ ಇದೇ ಎರಡು ವೈರಿಗೆ 62 ಬೋರ್ಡ್‌ವರೆಗೆ ಸೇರಿಸಬಹುದು.

ಇದರ ಮೇಲೆ ಜನ ಹೇಳುವ ದೂರು ರೆಸಲ್ಯೂಷನ್ ಸಾಲದು ಅಂತ. 20 ಮಿಲಿಸೆಕೆಂಡನ್ನು 4096 ಭಾಗ ಮಾಡಿದರೆ ಒಂದು ಹೆಜ್ಜೆ 4.88 ಮೈಕ್ರೋಸೆಕೆಂಡ್, ಅಂದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಕಮ್ಮಿ. ಎಸ್‌ಜಿ90ರ ಡೆಡ್ ಬ್ಯಾಂಡೇ (ಸರ್ವೋ ಲೆಕ್ಕಿಸದ ವ್ಯತ್ಯಾಸ) 10 ಮೈಕ್ರೋಸೆಕೆಂಡ್. ಅದಕ್ಕಿಂತ ಸಣ್ಣ ಬದಲಾವಣೆಗೆ ಸರ್ವೋ ಅಲುಗುವುದೇ ಇಲ್ಲ, ಹಾಗಿದ್ದಾಗ ಬೋರ್ಡನ್ನು ದೂರಿ ಏನು ಪ್ರಯೋಜನ? ಒಳ್ಳೆಯ ಡಿಜಿಟಲ್ ಸರ್ವೋ ಹಾಕಿ ನಿಧಾನವಾಗಿ ತಿರುಗಿಸುವಾಗ ಮಾತ್ರ ಈ ಹೆಜ್ಜೆ ಎದ್ದು ಕಾಣಬಹುದು.

ನಿಜವಾಗಿ ಎಚ್ಚರ ಬೇಕಾಗಿರುವುದು ಅದರ ಒಳಗಿನ ಗಡಿಯಾರದ ಬಗ್ಗೆ. ಹೆಸರಿಗೆ 25 ಮೆಗಾಹರ್ಟ್ಸ್, ಆದರೆ ಬೋರ್ಡಿನಿಂದ ಬೋರ್ಡಿಗೆ ಬೇರೆಯಾಗುತ್ತದೆ. ಅಕಸ್ಮಾತ್ 27 ಇದ್ದರೆ ನಾವು ಕೇಳಿದ 1500 ಮೈಕ್ರೋಸೆಕೆಂಡ್ 1389 ಆಗಿ ಹೊರಬರುತ್ತದೆ. ಹತ್ತು ಡಿಗ್ರಿ ವ್ಯತ್ಯಾಸ! ಕಾಲು ಸೊಟ್ಟಗೆ ನಿಂತರೆ ಹಾರ್ನ್ ಬಿಚ್ಚಿ ಕೂರಿಸುವ ಮುಂಚೆ ಲಾಜಿಕ್ ಅನಲೈಸರಿನಲ್ಲಿ (ಸಿಗ್ನಲ್ ಅಳೆಯುವ ಉಪಕರಣ) ಪಲ್ಸ್ ಅಳೆಯಿರಿ. ಸಿಕ್ಕ ಅಂಕಿಗೆ ತಕ್ಕಂತೆ ಆಸಿಲೇಟರ್ (ಆ ಗಡಿಯಾರದ) ಫ್ರೀಕ್ವೆನ್ಸಿಯನ್ನು ಕೋಡಿನಲ್ಲಿ ತಿದ್ದಿ. ಒಂದು ಬೋರ್ಡಿಗೆ ಒಂದು ಸಲ ಮಾಡಿದರೆ ಆಯ್ತು.

ಇನ್ನೊಂದು ಗುಣ. ಯುನೊ ಹ್ಯಾಂಗ್ ಆದರೂ ಈ ಚಿಪ್ ಕೊನೆಯ ಪಲ್ಸನ್ನೇ ಕಳಿಸುತ್ತಿರುತ್ತದೆ. ಕಾಲು ಕುಸಿಯುವುದಿಲ್ಲ, ಅದು ಒಳ್ಳೆಯದೇ. ಆದರೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಸರ್ವೋ ಸುಡುವವರೆಗೂ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಬೋರ್ಡಿನ ಓಇ (ಔಟ್‌ಪುಟ್ ಎನೇಬಲ್) ಪಿನ್ನಿಗೆ ಒಂದು ಸ್ವಿಚ್ ಹಾಕಿದ್ದೇನೆ. ಅದನ್ನು ಹೈ ಮಾಡಿದರೆ ಎಲ್ಲಾ ಪಲ್ಸ್ ನಿಂತು ಕಾಲುಗಳು ಸಡಿಲವಾಗುತ್ತವೆ.

ಮೇಸ್ಟ್ರೊ ಬೇರೆಯದೇ ಜಾತಿ. ಪಲ್ಸಿನ ಹೆಜ್ಜೆ 0.25 ಮೈಕ್ರೋಸೆಕೆಂಡ್. ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಚುಚ್ಚಿದರೆ ಪರದೆ ಮೇಲೆ ಸ್ಲೈಡರ್ ಬರುತ್ತದೆ, ಎಳೆದ ಹಾಗೆ ಕಾಲು ಏಳುತ್ತದೆ. ಪ್ರತಿ ಚಾನೆಲ್‌ಗೂ ವೇಗ ಮತ್ತು ವೇಗೋತ್ಕರ್ಷದ ಮಿತಿ ಕೊಡಬಹುದು. ಕೊಟ್ಟ ಮೇಲೆ ಸರ್ವೋ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವುದನ್ನು ನೋಡುವುದೇ ಒಂದು ಖುಷಿ. ಸ್ಕ್ರಿಪ್ಟ್ ಬರೆದು ಬೋರ್ಡಿಗೇ ತುಂಬಿದರೆ ಆರ್ಡುಯಿನೊ ಕೂಡ ಬೇಡ.

ಆದರೆ ನಡಿಗೆಗೆ ಬಂದಾಗ ಈ ನಯವೇ ಅಡ್ಡ ಬಂತು. ಪಾದ ನೆಲದ ಮೇಲೆ ನೇರ ಗೆರೆಯಲ್ಲಿ ಹಿಂದೆ ಸರಿಯಬೇಕಾದರೆ ಮೂರೂ ಕೀಲುಗಳು ಒಂದೇ ಲೆಕ್ಕದಲ್ಲಿ ತಿರುಗಬೇಕು. ಒಂದೊಂದು ಚಾನೆಲ್ ತನ್ನ ಮಿತಿಯಂತೆ ಹೋದರೆ ಪಾದ ಕಮಾನಿನಂತೆ ಬಾಗಿ ಜಾರುತ್ತದೆ. ನಡುವಿನ ಬಿಂದುಗಳನ್ನು ನಾನೇ ಕೋಡಿನಲ್ಲಿ ಲೆಕ್ಕ ಹಾಕಬೇಕಾಯಿತು, ಮೇಸ್ಟ್ರೊದ ಮಿತಿಗಳನ್ನೆಲ್ಲ ತೆಗೆದುಹಾಕಿದೆ. ಅಷ್ಟು ಮಾಡಿದ ಮೇಲೆ ಎರಡು ಬೋರ್ಡಿನ ನಡಿಗೆಯಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ.

ಕರೆಂಟಿನ ವಿಷಯ ಮೂರಕ್ಕೂ ಒಂದೇ. ತಿರುಗಲಾಗದೆ ಸಿಕ್ಕಿಕೊಂಡ ಎಸ್‌ಜಿ90 ಒಂದೇ 600-700 ಮಿಲಿಆಂಪ್ ಎಳೆಯುತ್ತದೆ. 12 ಸರ್ವೋಗೆ ಯುನೊದ 5 ವೋಲ್ಟ್ ಪಿನ್ ಯಾವ ಮೂಲೆಗೂ ಸಾಲದು. ಸರ್ವೋಗೆ ಬೇರೆ ಸಪ್ಲೈ, ದಪ್ಪ ವೈರ್, ಎರಡು ಕಡೆಯ ಗ್ರೌಂಡ್ ಜೋಡಣೆ, ಟರ್ಮಿನಲ್ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಬೋರ್ಡ್ ಕೆಟ್ಟಿದೆ ಅನ್ನುವ ಮುಂಚೆ ಕಾಲು ಎತ್ತುವಾಗ ಟರ್ಮಿನಲ್ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಿ.

ನಡೆಯುವ ರೋಬೋಗೆ ನನ್ನ ಆಯ್ಕೆ ಪಿಸಿಎ9685. ತಲೆ ಆಡಿಸುವ, ಕಣ್ಣು ಹೊರಳಿಸುವ ಗೊಂಬೆಯಾದರೆ ಮರುಮಾತಿಲ್ಲದೆ ಮೇಸ್ಟ್ರೊ. ಅಲ್ಲಿ ಪ್ರತಿ ಕೀಲೂ ಬಿಡಿಬಿಡಿಯಾಗಿ ಚಲಿಸುತ್ತದೆ, ಆ ವೇಗದ ಮಿತಿಗಳು ಪೂರ್ತಿ ಕೆಲಸಕ್ಕೆ ಬರುತ್ತವೆ.